ಬೆತ್ತದ ಮುಳ್ಳು



ಬೆತ್ತವೆಂದೊಡನೆ ನೆನಪಾಗುವುದು ಪೆಟ್ಟು. ನಾವೂ ಸಂಸ್ಕೃತ ಪಾಠಶಾಲೆಯಲ್ಲಿ ಧಾತುರೂಪ ತಪ್ಪಿದಾಗ ಅಂಗೈ ಒಡ್ಡಿದವರೇ. ಆ ಬೆತ್ತ ಎಲ್ಲಿಂದ ಬಂದಿತೆಂದು ಅಂದು ಕೇಳಲಿಲ್ಲ.

ಸಂಸ್ಕೃತದ ವೇತ್ರವೇ ಕನ್ನಡದ ಬೆತ್ತ. ಅದು ಬಿದಿರಿನ ಬಂಧುವಲ್ಲ. ತೆಂಗು, ಈಚಲುಗಳ ಕುಲದ್ದು. ತೆಂಗು ತಾನೇ ನೆಟ್ಟಗೆ ನಿಲ್ಲುತ್ತದೆ. ಬೆತ್ತಕ್ಕೆ ಆ ಶಕ್ತಿಯಿಲ್ಲ. ಪಶ್ಚಿಮಘಟ್ಟದ ಕಾಡಿನಲ್ಲಿ ಅದು ಕೊಕ್ಕೆಮುಳ್ಳಿನ ಚಾಟಿ ಚಾಚಿ, ಪಕ್ಕದ ಮರವನ್ನು ಹಿಡಿದು ಬೆಳಕಿನತ್ತ ಏರುತ್ತದೆ. ಮುಳ್ಳಿರುವುದು ಚುಚ್ಚುವುದಕ್ಕಷ್ಟೇ ಅಲ್ಲ, ಮೇಲೇರುವುದಕ್ಕೂ ಹೌದು. ಎಲೆಯ ಬುಡವು ಕಾಂಡವನ್ನು ಒರೆಯಂತೆ ಸುತ್ತಿರುತ್ತದೆ. ಮುಳ್ಳು ಆ ಒರೆಯ ಮೇಲಿನದು. ಅದನ್ನು ಸುಲಿದರೆ ಒಳಗೆ ನುಣುಪಾದ ಕೋಲು. ಬಿದಿರಿನಂತೆ ಟೊಳ್ಳಲ್ಲ, ಬಾಗಿಸಿದರೆ ಬಾಗುತ್ತದೆ, ಸುಲಭವಾಗಿ ಮುರಿಯದು. ಅದರಿಂದಲೇ ಬುಟ್ಟಿ, ಕುರ್ಚಿ, ತೊಟ್ಟಿಲು.

ಆದರೆ ಬಲಿಯುವ ಮೊದಲೇ ಕಡಿದ ಬೆತ್ತ ಒಣಗಿದಾಗ ಸುಕ್ಕುಗಟ್ಟುತ್ತದೆ. ಕೆಲವು ಜಾತಿಗಳು ಬುಡದಿಂದ ಮತ್ತೆ ಚಿಗುರುತ್ತವೆ. ಒಂಟಿ ಕಾಂಡದವನ್ನು ಕಡಿದರೆ ಅಲ್ಲಿಗೇ ಮುಗಿಯಿತು. ಅವಸರದ ಕತ್ತಿಯಿಂದ ಕಾಡಿಗೂ ನಷ್ಟ, ಹೆಣೆಯುವವರ ಕಾಯಕಕ್ಕೂ ನಷ್ಟ.

ಮಕ್ಕಳ ವಿಷಯವೂ ಹೀಗೆಯೇ. ಅವರ ತುಂಟತನ ಒರೆಯ ಮುಳ್ಳು. ಒಳಗಿನ ಕೋಲು ಬೇರೆ. 2009ರ ಶಿಕ್ಷಣ ಹಕ್ಕಿನ ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿತು. ಮನೆಯಲ್ಲಿ ಅದನ್ನು ನಿಲ್ಲಿಸಬೇಕಾದವರು ನೀವು. ಬಲಿಯಲು ಅವರಿಗೆ ಕಾಲ ಕೊಡಿರಿ, ಏರಲು ಆಸರೆಯ ಮರವಾಗಿರಿ. ನಿಮ್ಮ ಮನೆಯ ಬೆತ್ತ ತೊಟ್ಟಿಲಾಗಲಿ, ಪೆಟ್ಟಾಗದಿರಲಿ ಎಂದು ಹರಸಿ ಮಾತು ಮುಗಿಸುತ್ತೇವೆ.