ನಿದ್ದೆಗೂ ವೈದ್ಯರಿದ್ದಾರೆ

ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುತ್ತೇವೆ. ಹಲ್ಲು ನೋವಾದರೂ ಹೋಗುತ್ತೇವೆ. ಆದರೆ ‘ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ’ ಎಂದು ವೈದ್ಯರಲ್ಲಿಗೆ ಹೋದ ಹಿರಿಯರು ನಿಮ್ಮ ಮನೆಯಲ್ಲಿ ಎಷ್ಟು ಮಂದಿ ಇದ್ದಾರೆ? ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ನಮ್ಮಲ್ಲಿದೆ. ಅದನ್ನೇ ತಿರುಗಿಸಿ, ನಿದ್ದೆ ಬಾರದವರಿಗೆಲ್ಲ ಚಿಂತೆಯೇ ಕಾರಣ, ಚಿಂತೆ ಬಿಟ್ಟರೆ ಸರಿಹೋಗುತ್ತದೆ ಎಂದು ತೀರ್ಮಾನಿಸುತ್ತೇವೆ. ಜೋರಾಗಿ ಗೊರಕೆ ಹೊಡೆಯುವವರನ್ನು ಕಂಡರೆ ‘ಒಳ್ಳೇ ನಿದ್ದೆ’ ಎನ್ನುತ್ತೇವೆ. ಹಗಲಲ್ಲಿ ತೂಕಡಿಸುವವರಿಗೆ ಕುಂಭಕರ್ಣ ಎಂದು ಹೆಸರಿಡುತ್ತೇವೆ. ಹೀಗೆ ಕಾಯಿಲೆಯೊಂದು ತಮಾಷೆಯ ಮಾತಾಗಿ ಉಳಿದುಬಿಡುತ್ತದೆ.

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಗಳ ನಿದ್ದೆ ಬೇಕು. ನಿಮ್ಮ ವಯಸ್ಸಿನವರಿಗೆ, ಎಂದರೆ 13ರಿಂದ 18 ವರ್ಷದವರಿಗೆ, 8ರಿಂದ 10 ಗಂಟೆ ಬೇಕು. ನಿದ್ದೆಯೆಂದರೆ ಮಿದುಳು ಸುಮ್ಮನಿರುವ ಸ್ಥಿತಿಯಲ್ಲ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ ಎಂಬ ವಿಜ್ಞಾನಿಗಳು, ನಿದ್ದೆಯ ಕೆಲವು ಅವಧಿಗಳಲ್ಲಿ ರೆಪ್ಪೆಯೊಳಗೆ ಕಣ್ಣುಗಳು ವೇಗವಾಗಿ ಚಲಿಸುವುದನ್ನು ಗುರುತಿಸಿದರು. ನಾವು ಹೆಚ್ಚಾಗಿ ಕನಸು ಕಾಣುವುದು ಆಗಲೇ. ಗಾಢ ನಿದ್ದೆ ಮತ್ತು ಈ ಕನಸಿನ ನಿದ್ದೆ ಸುಮಾರು 90 ನಿಮಿಷಗಳ ಆವರ್ತದಲ್ಲಿ ರಾತ್ರಿಯಿಡೀ ಬಂದುಹೋಗುತ್ತವೆ. ಈ ಆವರ್ತ ಮತ್ತೆ ಮತ್ತೆ ಕಡಿದುಹೋದರೆ, ಎಂಟು ಗಂಟೆ ಮಲಗಿದ್ದರೂ ದಣಿವು ಆರುವುದಿಲ್ಲ.

ಹಾಗೆ ಕಡಿಯುವ ಕಾಯಿಲೆಗಳಲ್ಲಿ ಮುಖ್ಯವಾದದ್ದು ಸ್ಲೀಪ್ ಅಪ್ನಿಯಾ, ಎಂದರೆ ನಿದ್ದೆಯಲ್ಲಿ ಉಸಿರು ಕಟ್ಟುವುದು. ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. ಗೊರಕೆ ಒಮ್ಮೆಲೇ ನಿಲ್ಲುತ್ತದೆ. ಹತ್ತು ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಉಸಿರಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಎಚ್ಚರಿಸುತ್ತದೆ, ವ್ಯಕ್ತಿ ಏದುಸಿರಿನೊಡನೆ ಮತ್ತೆ ಗೊರಕೆ ಆರಂಭಿಸುತ್ತಾನೆ. ಇದು ಗಂಟೆಗೆ 30 ಸಲಕ್ಕೂ ಹೆಚ್ಚು ನಡೆದರೆ ತೀವ್ರ ಸ್ವರೂಪದ ಕಾಯಿಲೆ ಎನ್ನುತ್ತಾರೆ. ಬೆಳಿಗ್ಗೆ ಇದಾವುದೂ ಅವರಿಗೆ ನೆನಪಿರುವುದಿಲ್ಲ. ತಲೆನೋವು, ಒಣಗಿದ ಬಾಯಿ, ಹಗಲಿನ ಮಂಪರು ಮಾತ್ರ ಉಳಿದಿರುತ್ತವೆ. ಔಷಧಿಗೆ ಬಗ್ಗದ ರಕ್ತದೊತ್ತಡದ ಹಿಂದೆಯೂ ಈ ಕಾಯಿಲೆ ಇರಬಹುದು. ಇಂಥವರು ಲಾರಿಯ, ಬಸ್ಸಿನ ಚಕ್ರ ಹಿಡಿದು ಕುಳಿತಾಗ ಅಪಾಯ ಅವರೊಬ್ಬರದೇ ಅಲ್ಲ.

ಎರಡನೆಯದು ನಿದ್ರಾಹೀನತೆ. ಮಲಗಿದರೂ ನಿದ್ದೆ ಹತ್ತದಿರುವುದು, ನಡುರಾತ್ರಿ ಎಚ್ಚರವಾಗಿ ಮತ್ತೆ ಬಾರದಿರುವುದು ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಡೆದರೆ, ಹಗಲಿನ ಕೆಲಸವೂ ಕೆಟ್ಟರೆ, ಅದು ಚಿಕಿತ್ಸೆ ಬೇಕಾದ ಕಾಯಿಲೆ. ಆರಂಭಕ್ಕೆ ಚಿಂತೆ ಕಾರಣವಾಗಿರಬಹುದು. ಆದರೆ ಚಿಂತೆ ಕಳೆದ ಮೇಲೂ ‘ಇವತ್ತೂ ನಿದ್ದೆ ಬಾರದು’ ಎಂಬ ಭಯವೇ ನಿದ್ದೆಯನ್ನು ಓಡಿಸುತ್ತದೆ. ಮೂರನೆಯದಾಗಿ, ಮಲಗಿದೊಡನೆ ಕಾಲುಗಳಲ್ಲಿ ಹರಿದಾಡಿದಂತಾಗಿ, ಅಲುಗಾಡಿಸದೆ ಇರಲಾಗದ ತೊಂದರೆಯೊಂದಿದೆ. ಅನೇಕರಲ್ಲಿ ಕಬ್ಬಿಣಾಂಶದ ಕೊರತೆ ಇದಕ್ಕೆ ಕಾರಣ. ‘ಅಜ್ಜಿಗೆ ವಯಸ್ಸಾಯಿತು’ ಎಂದು ಬಿಟ್ಟುಬಿಡುವ ಬದಲು ಒಂದು ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ವೈದ್ಯರಲ್ಲಿಗೆ ಯಾವಾಗ ಹೋಗಬೇಕು? 1991ರಲ್ಲಿ ಆಸ್ಟ್ರೇಲಿಯಾದ ವೈದ್ಯ ಮರ್ರೆ ಜಾನ್ಸ್ ಎಂಟು ಪ್ರಶ್ನೆಗಳ ಅಳತೆಯೊಂದನ್ನು ರೂಪಿಸಿದರು. ಓದುವಾಗ, ಟಿ.ವಿ. ನೋಡುವಾಗ, ವಾಹನದಲ್ಲಿ ಒಂದು ಗಂಟೆ ಕುಳಿತಾಗ, ಒಬ್ಬರೊಡನೆ ಮಾತನಾಡುತ್ತಿರುವಾಗ, ಹೀಗೆ ಎಂಟು ಸಂದರ್ಭಗಳಲ್ಲಿ ತೂಕಡಿಕೆ ಬರುವ ಸಾಧ್ಯತೆಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಬೇಕು. ಒಟ್ಟು 24ರಲ್ಲಿ 10 ದಾಟಿದರೆ ವೈದ್ಯರನ್ನು ಕಾಣುವುದು ಲೇಸು. ಉಸಿರು ನಿಂತದ್ದನ್ನು ಯಾರಾದರೂ ಕಂಡಿದ್ದರೆ ಅಂಕಗಳಿಗಾಗಿ ಕಾಯಬೇಕಿಲ್ಲ.

ಮೊದಲು ನಿಮ್ಮ ಕುಟುಂಬದ ವೈದ್ಯರಲ್ಲಿಗೆ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋದರೆ ಸಾಕು. ಅವರು ರಕ್ತದೊತ್ತಡ, ಥೈರಾಯ್ಡ್, ಸಕ್ಕರೆ, ರಕ್ತಹೀನತೆಗಳನ್ನು ನೋಡಿ, ಅಗತ್ಯವಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೋ ಶ್ವಾಸಕೋಶ ತಜ್ಞರಿಗೋ ನರರೋಗ ತಜ್ಞರಿಗೋ ಮನೋವೈದ್ಯರಿಗೋ ಬರೆದುಕೊಡುತ್ತಾರೆ. ನಿದ್ರಾ ಪರೀಕ್ಷೆಯ ಸೌಲಭ್ಯ ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗಳಲ್ಲಿದೆ. ಒಂದು ರಾತ್ರಿ ಅಲ್ಲಿ ಮಲಗಬೇಕು. ತಲೆಗೆ, ಕಣ್ಣಿನ ಪಕ್ಕಕ್ಕೆ, ಕಾಲಿಗೆ ತಂತಿಗಳನ್ನು ಅಂಟಿಸುತ್ತಾರೆ, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು ಹಾಕುತ್ತಾರೆ. ಸೂಜಿಯಿಲ್ಲ, ನೋವಿಲ್ಲ.

ಚಿಕಿತ್ಸೆಯೂ ಇದೆ. 1981ರಲ್ಲಿ ಸಿಡ್ನಿಯ ಡಾ. ಕಾಲಿನ್ ಸಲಿವನ್ ಮತ್ತು ಸಂಗಡಿಗರು, ಮೂಗಿನ ಮೂಲಕ ಒತ್ತಡದ ಗಾಳಿ ಹಾಯಿಸಿ ಗಂಟಲು ಮುಚ್ಚದಂತೆ ತಡೆಯುವ ವಿಧಾನವನ್ನು ವರದಿ ಮಾಡಿದರು. ಅದಕ್ಕೆ ಮುಂಚೆ ತೀವ್ರ ರೋಗಿಗಳಿಗೆ ಕುತ್ತಿಗೆಯಲ್ಲಿ ರಂಧ್ರ ಕೊರೆಯಬೇಕಾಗುತ್ತಿತ್ತು. ಇಂದು ಸಿ-ಪ್ಯಾಪ್ ಎಂಬ ಈ ಯಂತ್ರ ಹಾಸಿಗೆಯ ಪಕ್ಕದ ಸಣ್ಣ ಮೇಜಿನ ಮೇಲೆ ಹಿಡಿಸುತ್ತದೆ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮದ್ಯ ಬಿಡುವುದು ಇವೂ ಸಹಾಯಕ. ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಗುಳಿಗೆಯಲ್ಲ, ನಡವಳಿಕೆ ತಿದ್ದುವ ತರಬೇತಿ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಸಲಹೆ ನೀಡಿತು. ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಹತ್ತದಿದ್ದರೆ ಸುಮಾರು 20 ನಿಮಿಷದಲ್ಲಿ ಹಾಸಿಗೆ ಬಿಟ್ಟು, ನಿದ್ದೆ ಬಂದಾಗಲೇ ಮರಳುವುದು ಅದರ ಕೆಲವು ನಿಯಮಗಳು.

ಪಕ್ಕದ ಮನೆಯವರು ಕೊಟ್ಟ ನಿದ್ದೆಗುಳಿಗೆಯನ್ನು ನುಂಗುವುದು ಅಪಾಯ. ಉಸಿರು ಕಟ್ಟುವ ಕಾಯಿಲೆ ಇರುವವರಲ್ಲಿ ಅದು ಉಸಿರಾಟವನ್ನು ಇನ್ನಷ್ಟು ಕುಗ್ಗಿಸಬಹುದು. ಈಗಾಗಲೇ ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಲೂಬಾರದು. ವೈದ್ಯರನ್ನು ಕೇಳಿಯೇ ಹಂತಹಂತವಾಗಿ ಬಿಡಬೇಕು. ನಿದ್ದೆಗೇಡಿನ ಜೊತೆಗೆ ಮನಸ್ಸು ಕುಗ್ಗಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಈ ಮಾತನ್ನು ನಿಮಗೇ ಹೇಳಲು ಕಾರಣವಿದೆ. ಮಲಗಿದವರಿಗೆ ತಮ್ಮ ನಿದ್ದೆ ಕಾಣುವುದಿಲ್ಲ. ರಾತ್ರಿ ಓದುತ್ತ ಕುಳಿತ ನಿಮಗೆ ಅದು ಕೇಳಿಸುತ್ತದೆ. ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು, ಕಾಫಿ-ಚಹಾ, ಔಷಧಿಗಳನ್ನು ಅವರಿಂದಲೇ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅವರು ಒಪ್ಪಿದರೆ ಗೊರಕೆಯನ್ನು ಮೊಬೈಲಿನಲ್ಲಿ ದಾಖಲಿಸಿ. ವೈದ್ಯರಿಗೆ ಇವೆರಡೂ ಬಹಳ ಉಪಯೋಗ. ಕೆಲಸ ಹೋದೀತು, ನಾಲ್ಕು ಜನ ನಕ್ಕಾರು ಎಂಬ ಅಳುಕಿನಿಂದ ಹಿರಿಯರು ಹಿಂಜರಿಯಬಹುದು. ಆಗ, ‘ಅಪ್ಪಾ, ರಾತ್ರಿ ನಿಮ್ಮ ಉಸಿರು ನಿಂತು ನಿಂತು ಬರುತ್ತೆ. ಡಾಕ್ಟರ ಹತ್ತಿರ ಹೋಗೋಣ, ನಾನೂ ಬರ್ತೀನಿ’ ಎಂದು ಹೇಳಿ ನೋಡಿ. ಇಷ್ಟು ಕೆಲಸ ನಿಮ್ಮಿಂದ ಆಗುತ್ತದೆ.