ನಂಜನಗೂಡು ತಿರುಮಲಾಂಬ

ಹೆಗ್ಗಡದೇವನಕೋಟೆಯಲ್ಲಿ ನೀವು ನೋಡುವ ಕಪಿಲೆಯೇ ಮುಂದೆ ಹರಿದು ನಂಜನಗೂಡನ್ನು ಸೇರುತ್ತಾಳೆ. ಆ ಊರಿನಲ್ಲಿ ೧೮೮೭ರಲ್ಲಿ ಹುಟ್ಟಿದ ತಿರುಮಲಾಂಬ ಅವರಿಗೆ ೧೦ನೆಯ ವರ್ಷಕ್ಕೆ ಮದುವೆ, ೧೪ಕ್ಕೆ ವೈಧವ್ಯ. ಅಂಥ ಹೆಣ್ಣುಮಗಳು ಶುಭಕಾರ್ಯದ ಮನೆಯ ಹೊಸ್ತಿಲು ತುಳಿಯಲೂ ಹಿಂಜರಿಯಬೇಕಾಗಿದ್ದ ಕಾಲವದು. ತಂದೆಯ ಆಸರೆಯಲ್ಲಿ ಓದು ಬೆಳೆಸಿಕೊಂಡ ಈಕೆ ೧೯೧೩ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿದರು. ಮೊದಲ ಹೊತ್ತಗೆ ತಮ್ಮದೇ ಕಾದಂಬರಿ ‘ಸುಶೀಲೆ’. ಅದು ಮತ್ತೆ ಮತ್ತೆ ಅಚ್ಚಾಯಿತು. ಬಳಿಕ ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿ’ ಎಂಬ ಪತ್ರಿಕೆಗಳು.

ಬರೆಯುವುದು ಒಂದು ಕಷ್ಟ. ಅಚ್ಚು ಹಾಕಿಸಿ, ಚಂದಾ ಕೂಡಿಸಿ, ಅಂಚೆಗೆ ಹಾಕಿ, ತಿಂಗಳು ತಪ್ಪದಂತೆ ನೋಡಿಕೊಳ್ಳುವುದು ಇನ್ನೊಂದು. ಪತ್ರಿಕೆ ನಡೆಸಿದವರನ್ನು ಕೇಳಿ ನೋಡಿ! ತಾವು ಕಾಲಿಡಲಾಗದ ಮನೆಗಳ ಒಳಗೆ ಅವರ ಅಕ್ಷರ ಹೋಯಿತು. ಪತಿವ್ರತೆಯ ಆದರ್ಶವನ್ನು ಬಿಡದೆಯೇ ಅವರು ಹೆಂಗಸರ ವಿದ್ಯೆಗಾಗಿ ವಾದಿಸಿದರು. ಇಂದಿನವರಿಗೆ ಇದು ಹಳತೆನಿಸೀತು. ನಾನು ಮಾತ್ರ ಅಷ್ಟು ಸುಲಭವಾಗಿ ತಳ್ಳಲಾರೆ. ಆ ಮಾತಿಲ್ಲದಿದ್ದರೆ ಹೊತ್ತಗೆ ಅಡುಗೆಮನೆಯವರೆಗೆ ಹೋಗುತ್ತಿತ್ತೆ?

ಮುಂದೆ ಲೇಖನಿ ಕೆಳಗಿಟ್ಟರು, ನಾಡು ಮರೆಯಿತು. ಮದರಾಸಿನಲ್ಲಿ ನೆಲೆಸಿದ್ದ ಅವರನ್ನು ಕನ್ನಡ ಲೇಖಕಿಯರು ಹುಡುಕಿಕೊಂಡು ಹೋಗುವ ಹೊತ್ತಿಗೆ ಅವರಿಗೆ ಮುಪ್ಪು. ೧೯೮೨ರಲ್ಲಿ, ೯೫ರ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು.