ಇಪ್ಪತ್ತು ಲೀಟರ್ ಕ್ಯಾನ್: ಹೆಂಗಸರು ವೇಟ್ ಟ್ರೈನಿಂಗ್ ಶುರು ಮಾಡೋದು ಹೇಗೆ

ನಾನು ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಊರು ಅರಸೀಕೆರೆ, ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಮೊದಲೇ ಹೇಳಿಬಿಡ್ತೀನಿ, ನಾನು ಟ್ರೈನರ್ ಅಲ್ಲ, ಡಾಕ್ಟರೂ ಅಲ್ಲ. ನಲವತ್ತನೇ ವಯಸ್ಸಿಗೆ ಮೊದಲ ಸಲ ಡಂಬೆಲ್ ಮುಟ್ಟಿದವಳು. ಈಗ ಮೂರು ವರ್ಷದಿಂದ ಬಿಡದೆ ಮಾಡ್ತಾ ಇದೀನಿ. ಹಾಗಾಗಿ ಇವತ್ತು ಶುರು ಮಾಡೋದರ ಬಗ್ಗೆ ಮಾತ್ರ ಮಾತಾಡ್ತೀನಿ.

ನಮ್ಮ ಫ್ಲ್ಯಾಟ್‌ಗೆ ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಬರುತ್ತೆ. ಹುಡುಗ ಬಾಗಿಲ ಹತ್ರ ಇಟ್ಟು ಹೋಗ್ತಾನೆ. ನಾನು ಅದನ್ನ ಕಾಲಲ್ಲಿ ತಳ್ಳಿಕೊಂಡು ಅಡುಗೆಮನೆ ತನಕ ತರ್ತಿದ್ದೆ. ಸ್ಟ್ಯಾಂಡ್ ಮೇಲೆ ಎತ್ತಿ ಇಡೋಕೆ ಯಜಮಾನ್ರು ಆಫೀಸಿಂದ ಬರ್ಬೇಕಿತ್ತು. ಮನೆಯಲ್ಲಿ ಅದೊಂದು ತಮಾಷೆ ಆಗಿತ್ತು, ನಾನೂ ನಗ್ತಿದ್ದೆ.

ಒಂದು ಸಲ ರಜೆಗೆ ಊರಿಗೆ ಹೋದಾಗ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ರು. ಮನೆಯಲ್ಲಿ ನಾವಿಬ್ಬರೇ. ಮಣಿಕಟ್ಟಿನ ಮೂಳೆ ಮುರಿದಿತ್ತು. ಕಾಲು, ಸೊಂಟಕ್ಕೆ ಏನೂ ಆಗಿರಲಿಲ್ಲ, ಆದ್ರೂ ಅವರಿಗೆ ಏಳೋಕೆ ಆಗ್ಲಿಲ್ಲ, ನನಗೆ ಎಬ್ಬಿಸೋಕೆ ಆಗ್ಲಿಲ್ಲ. ಪಕ್ಕದ ಮನೆಯವರನ್ನ ಕೂಗಿ ಕರೆದೆ. ಅವರು ಬರೋ ತನಕ ಒದ್ದೆ ನೆಲದ ಮೇಲೆ ಅಮ್ಮನ ಪಕ್ಕ ನಾನೂ ಕೂತಿದ್ದೆ. "ನೀನೇನ್ ಮಾಡ್ತೀಯ ಬಿಡು ಮಗ, ನಿನ್ ಕೈಲಿ ಆಗಲ್ಲ" ಅಂದ್ರು. ಸಮಾಧಾನಕ್ಕೆ ಹೇಳಿದ ಮಾತು ಅದು. ನನಗೆ ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಡಾಕ್ಟರ್ ಡೆಕ್ಸಾ ಸ್ಕ್ಯಾನ್ ಮಾಡಿಸೋಕೆ ಹೇಳಿದ್ರು. ರಿಪೋರ್ಟ್ ನೋಡಿ ಆಸ್ಟಿಯೋಪೊರೋಸಿಸ್, ಮೂಳೆ ಟೊಳ್ಳಾಗಿದೆ ಅಂದ್ರು. ಆಗ ಗೊತ್ತಾಗಿದ್ದು, ನಮ್ಮ ಮೂಳೆ ಮೂವತ್ತರ ಆಸುಪಾಸಿನಲ್ಲಿ ಅತಿ ಗಟ್ಟಿಯಾಗಿರುತ್ತೆ, ಆಮೇಲೆ ನಿಧಾನಕ್ಕೆ ಸವೆಯೋಕೆ ಶುರುವಾಗುತ್ತೆ. ಮುಟ್ಟು ನಿಂತಾಗ ಈಸ್ಟ್ರೋಜನ್ ಇಳಿಯೋದ್ರಿಂದ ಕೆಲವು ವರ್ಷ ಈ ಸವೆತ ಇನ್ನೂ ಜೋರು. ಸ್ನಾಯುವಿನದ್ದೂ ಹೆಚ್ಚುಕಡಿಮೆ ಇದೇ ಕಥೆ. ಎರಡನ್ನೂ ಉಳಿಸ್ಕೊಳ್ಳೋಕೆ ಅವುಗಳ ಮೇಲೆ ಭಾರ ಬೀಳ್ಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲೂ ವಾಕಿಂಗ್‌ನಂಥ ವ್ಯಾಯಾಮದ ಜೊತೆಗೆ, ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಮಾಡಿ ಅಂತಿದೆ. ನಾವು ಸೊಸೈಟಿ ಸುತ್ತ ನಾಲ್ಕು ಸುತ್ತು ಹಾಕಿ, ಆಯ್ತು ಅಂತ ಮನೆಗೆ ಬರ್ತೀವಿ.

ಪುಣೆಗೆ ವಾಪಸ್ ಬಂದು ಜಿಮ್ ಸೇರಿದೆ. ಅಲ್ಲಿನ ಟ್ರೈನರ್ ನೇರವಾಗಿ ಟ್ರೆಡ್‌ಮಿಲ್ ತೋರಿಸಿದ. ವೇಟ್ಸ್ ಬೇಕು ಅಂದ್ರೆ ಒಂದು ಕೆಜಿಯ ಗುಲಾಬಿ ಡಂಬೆಲ್ ಕೊಟ್ಟು, ಲೇಡೀಸ್‌ಗೆ ಇದು ಸಾಕು ಮ್ಯಾಡಮ್ ಅಂದ. ಒಂದು ಕೆಜಿ! ನಮ್ಮ ಲ್ಯಾಪ್‌ಟಾಪ್ ಬ್ಯಾಗೇ ಅದಕ್ಕಿಂತ ಭಾರ ಇರುತ್ತೆ.

ಇನ್ನೊಂದು ಭಯ, ಗಂಡಸರ ಥರ ಮೈ ಬಂದ್ಬಿಡುತ್ತಾ ಅಂತ. ನಮ್ಮ ಟೆಸ್ಟೋಸ್ಟಿರೋನ್ ಗಂಡಸರದಕ್ಕಿಂತ ತುಂಬಾ ಕಡಿಮೆ, ಹತ್ತನೇ ಒಂದು ಪಾಲೂ ಇರಲ್ಲ. ವಾರಕ್ಕೆ ಎರಡು ದಿನ ಎತ್ತಿದ್ರೆ ಆ ಥರ ಮೈ ಬರಲ್ಲ. ಭಾರ ಎತ್ತೋಕೆ ಭಾರೀ ಮೈ ಬೇಕು ಅನ್ನೋದೂ ಸುಳ್ಳು. ಮೀರಾಬಾಯಿ ಚಾನು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದು 49 ಕೆಜಿ ವಿಭಾಗದಲ್ಲಿ. ಎತ್ತಿದ್ದು ಎರಡೂ ಸುತ್ತು ಸೇರಿ 202 ಕೆಜಿ. ಹಾಗೇ ಒಲಿಂಪಿಕ್ಸ್ ಪದಕ ಗೆದ್ದ ನಮ್ಮ ದೇಶದ ಮೊದಲ ಹೆಣ್ಣುಮಗಳು ಕೂಡ ಭಾರ ಎತ್ತಿದವರೇ. 2000ದಲ್ಲಿ, ಸಿಡ್ನಿಯಲ್ಲಿ, ಕರ್ಣಂ ಮಲ್ಲೇಶ್ವರಿ.

ಸರಿ, ಈಗ ಶುರು ಮಾಡೋದು ಹೇಗೆ?

ಐದು ಚಲನೆ ಕಲೀರಿ, ಸಾಕು. ಕೂತು ಏಳೋದು, ಬಗ್ಗಿ ಎತ್ತೋದು, ತಳ್ಳೋದು, ಎಳೆಯೋದು, ಹೊತ್ತು ನಡೆಯೋದು. ಜಿಮ್ ಭಾಷೆಯಲ್ಲಿ ಸ್ಕ್ವಾಟ್, ಡೆಡ್‌ಲಿಫ್ಟ್, ಪ್ರೆಸ್, ರೋ, ಕ್ಯಾರಿ. ಮೊದಲ ಎರಡು ವಾರ ಮನೆಯಲ್ಲೇ ಮಾಡಿ. ಕುರ್ಚಿ ಮೇಲೆ ಕೂತು, ಕೈ ಊರದೆ ಏಳಿ. ಗೋಡೆಗೆ ಕೈ ಕೊಟ್ಟು ಪುಶ್‌ಅಪ್ ಮಾಡಿ. ಐದು ಕೆಜಿ ಅಕ್ಕಿ ಚೀಲವನ್ನ ಗಟ್ಟಿ ಬ್ಯಾಗಿಗೆ ಹಾಕಿ ನೆಲದಿಂದ ಎತ್ತಿ. ಅದೇ ಬ್ಯಾಗನ್ನ ಮುಂದಕ್ಕೆ ಬಾಗಿ ಹೊಟ್ಟೆ ಕಡೆಗೆ ಎಳೀರಿ. ಆಮೇಲೆ ಹಿಡ್ಕೊಂಡು ಹಾಲ್‌ನಲ್ಲಿ ನಾಲ್ಕು ಸಲ ಓಡಾಡಿ.

ಬಗ್ಗಿ ಎತ್ತೋದರಲ್ಲೇ ಹೆಚ್ಚಿನವರು ಬೆನ್ನು ನೋಯಿಸ್ಕೊಳ್ಳೋದು. ನನಗೆ ಅರ್ಥ ಆಗಿದ್ದು ಹೀಗೆ: ಎರಡೂ ಕೈಯಲ್ಲಿ ಸಾಮಾನಿದ್ದಾಗ ಹಿಂದಿರೋ ಬಾಗಿಲನ್ನ ಹೇಗೆ ಮುಚ್ತೀವಿ? ಕುಂಡಿ ಹಿಂದಕ್ಕೆ ತಳ್ಳಿ ಮುಚ್ತೀವಲ್ಲ, ಅದೇ ಚಲನೆ. ಬೆನ್ನು ನೇರ, ಮಂಡಿ ಸ್ವಲ್ಪ ಮಡಚಿರ್ಬೇಕು, ಭಾರ ಮೈಗೆ ಹತ್ರ ಇರ್ಬೇಕು. ಎತ್ತುವಾಗ ಉಸಿರು ಬಿಡಿ.

ಆಮೇಲೆ ಜಿಮ್. ವಾರಕ್ಕೆ ಎರಡು ದಿನ, ನಡುವೆ ಒಂದಾದರೂ ದಿನ ಬಿಡುವು. ಪ್ರತಿ ಚಲನೆ ಹತ್ತು ಸಲ, ಅಂಥ ಮೂರು ಸೆಟ್, ನಡುವೆ ಎರಡು ನಿಮಿಷ ವಿಶ್ರಾಂತಿ. ಎಲ್ಲ ಸೇರಿ ಮುಕ್ಕಾಲು ಗಂಟೆ. ಎಷ್ಟು ಕೆಜಿ ಅಂತೀರಾ? ಹತ್ತು ಸಲ ಎತ್ತಿದ ಮೇಲೆ ಇನ್ನು ಎರಡು ಮೂರು ಸಲ ಮಾತ್ರ ಆಗ್ತಿತ್ತು ಅನ್ನಿಸಬೇಕು, ಅದೇ ನಿಮ್ಮ ತೂಕ. ಇನ್ನೂ ಹತ್ತು ಸಲ ಆಗ್ತಿತ್ತು ಅಂದ್ರೆ ಅದು ಹಗುರ. ಮೂರೂ ಸೆಟ್‌ನಲ್ಲಿ ಹನ್ನೆರಡು ಸಲ ಆರಾಮಾಗಿ ಆದ ಮೇಲೆ ಜಿಮ್‌ನಲ್ಲಿರೋ ಅತಿ ಚಿಕ್ಕ ಹೆಜ್ಜೆಯಷ್ಟು ಏರಿಸಿ. ದೊಡ್ಡ ಬಾರ್ ಖಾಲಿ ಇದ್ರೂ 20 ಕೆಜಿ, ನಮ್ಮ ನೀರಿನ ಕ್ಯಾನ್‌ನಷ್ಟೇ ಭಾರ. ಹೆಂಗಸರ ಬಾರ್ 15 ಕೆಜಿ. ಅದಕ್ಕಿಂತ ಚಿಕ್ಕ ಬಾರ್ ಇದೆಯಾ ಅಂತ ಕೇಳಿ, ಸಂಕೋಚ ಬೇಡ.

ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ. ಮೊದಲ ಮೂರು ತಿಂಗಳು ನನ್ನ ಮೈತೂಕ ಒಂದು ಕೆಜಿನೂ ಇಳೀಲಿಲ್ಲ. ತೂಕದ ಮೆಷಿನ್ ಒಂದನ್ನೇ ನೋಡಿದ್ರೆ ಬಿಟ್ಟುಬಿಡ್ತಿದ್ದೆ. ಡೆಡ್‌ಲಿಫ್ಟ್ 10 ಇದ್ದಿದ್ದು 25 ಆಗಿದೆ ಅಂತ ಪುಸ್ತಕ ಹೇಳ್ತಿತ್ತು. ಮೊದಲ ವಾರಗಳಲ್ಲಿ ಏರೋ ಶಕ್ತಿ ಹೆಚ್ಚಾಗಿ ನರಗಳು ಕಲಿತದ್ದು, ಸ್ನಾಯು ಬೆಳೆಯೋದು ಆಮೇಲೆ. ಅದಕ್ಕೇ ಕನ್ನಡಿಯಲ್ಲೂ ಏನೂ ಕಾಣಲ್ಲ.

ಶುರುವಿನಲ್ಲಿ ಎರಡು ಮೂರು ದಿನ ಮೈಕೈ ನೋವು ಸಹಜ. ಆದ್ರೆ ಕೀಲಿನಲ್ಲಿ ಚುಚ್ಚೋ ನೋವು ಬಂದ್ರೆ ನಿಲ್ಲಿಸಿ. ಬಿಪಿ ಇದ್ರೆ, ಗರ್ಭಿಣಿ ಆಗಿದ್ರೆ, ಮೊದಲೇ ಬೆನ್ನುನೋವು ಇದ್ರೆ ಡಾಕ್ಟರನ್ನ ಕೇಳಿಯೇ ಶುರು ಮಾಡಿ. ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳಲ್ಲ. ಹೆರಿಗೆ ಆದವರಿಗೆ ಭಾರ ಎತ್ತುವಾಗ ಮೂತ್ರ ಸೋರಬಹುದು. ನಾಚಿಕೆ ಪಟ್ಟು ಬಿಟ್ಟುಬಿಡಬೇಡಿ. ಅದಕ್ಕೆ ಫಿಸಿಯೋಥೆರಪಿ ಇದೆ, ನಾನೂ ಹೋಗಿದ್ದೆ, ತುಂಬಾ ಗುಣ ಆಯ್ತು.

ಊಟದ ವಿಷಯ. ಐಸಿಎಂಆರ್ ಹೇಳೋ ಪ್ರಕಾರ ಒಂದು ಕೆಜಿ ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅರವತ್ತು ಕೆಜಿ ಇರೋರಿಗೆ ಸುಮಾರು 50 ಗ್ರಾಂ. ಭಾರ ಎತ್ತೋರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗುತ್ತೆ. ಅನ್ನ ತಿಳಿಸಾರಲ್ಲಿ ಅಷ್ಟು ಬರಲ್ಲ. ಮೊಟ್ಟೆ ತಿನ್ನೋರಿಗೆ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಿಗುತ್ತೆ. ತಿನ್ನದವರು ಹೆಸರುಕಾಳು ಉಸಲಿ, ಮೊಸರು, ಪನೀರ್, ಕಡಲೆಕಾಯಿ, ಸೋಯಾ ಅಂತ ಪ್ರತಿ ಊಟಕ್ಕೂ ಏನಾದ್ರೂ ಸೇರಿಸಿ. ನಾನು ಸಾರಿಗೆ ಹಾಕೋ ಬೇಳೆಯನ್ನೇ ಎರಡರಷ್ಟು ಮಾಡಿದೆ.

ಐದನೇ ತಿಂಗಳು ಒಂದು ದಿನ ಕ್ಯಾನ್ ಬಂತು. ಕುಂಡಿ ಹಿಂದಕ್ಕೆ, ಬೆನ್ನು ನೇರ, ಎತ್ತಿ ಸ್ಟ್ಯಾಂಡ್ ಮೇಲೆ ಇಟ್ಟೆ. ಸ್ವಲ್ಪ ನೀರು ಚೆಲ್ತು, ಅಷ್ಟೇ. ಸಂಜೆ ಯಜಮಾನ್ರು ಬಂದು ನೀರು ಕುಡಿದ್ರು. ಗಮನಿಸಲೇ ಇಲ್ಲ.

ಅಮ್ಮನ ಕೈ ವಾಸಿಯಾದ ಮೇಲೆ ಡಾಕ್ಟರನ್ನ ಕೇಳಿ ಅವರಿಗೂ ಕುರ್ಚಿಯಿಂದ ಏಳೋದನ್ನ ಶುರು ಮಾಡಿಸಿದೆ. ಮೊದಲು ಕೈ ಊರದೆ ಒಂದು ಸಲವೂ ಆಗ್ತಿರಲಿಲ್ಲ. ಈಗ ಭಾನುವಾರ ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾಡ್ತೀವಿ. ಹೋದ ವಾರ ಹನ್ನೆರಡು ಸಲ ಎದ್ದು, "ಸಾಕೇನೇ, ಇನ್ನೂ ಮಾಡ್ಲಾ?" ಅಂತ ಕೇಳಿದ್ರು.

ಇವತ್ತು ಇದನ್ನ ನೋಡಿ ಮುಗಿಸಿದ ಮೇಲೆ ನೀವೂ ಕೂತ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ನೋಡಿ. ನಿಮ್ಮ ಅಮ್ಮನಿಗೂ ಫೋನ್ ಮಾಡಿ ಹೇಳಿ, ಗೋಡೆ ಪಕ್ಕ ಕುರ್ಚಿ ಹಾಕ್ಕೊಂಡು ಮಾಡ್ಲಿ.